ಕಿವಿಗೊಂದು, ಊರಿಗೊಂದು

ತಿರುವನಂತಪುರ, ಕೊಚ್ಚಿ ಈ ಎರಡು ಊರುಗಳಲ್ಲಿ ನನ್ನ ಬೆನ್ನಿಗೆ ಬಿದ್ದಷ್ಟು ಗುದ್ದು ಬೇರೆ ಯಾವ ಬ್ಯಾಂಕ್ ಅಧಿಕಾರಿಗೂ ಬಿದ್ದಿರಲಾರದು. ನಮ್ಮ ಧಾರವಾಡ, ಗದಗದ ಕಡೆ ಮಗುವಿಗೆ ಹೆಸರಿಡುವ ದಿನ ಸೋದರತ್ತೆ, ಅಂದರೆ ತಂದೆಯ ಅಕ್ಕನೋ ತಂಗಿಯೋ, ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಕುರ್ರ್ ಅಂತ ಹೆಸರನ್ನು ಮೂರು ಸಲ ಹೇಳಬೇಕು. ಅವಳು ಬಾಗಿರುವಷ್ಟು ಹೊತ್ತು ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಅಂತ ನನಗೆ ಯಾರೂ ಸರಿಯಾಗಿ ಹೇಳಿಲ್ಲ. ಗುದ್ದುವವರು ಕಾರಣ ಕೇಳುವುದೂ ಇಲ್ಲ. ಆಮೇಲೆ ಅತ್ತೆ ನೆಟ್ಟಗೆ ನಿಂತು ಅದೇ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಾಳೆ, ಗುಗ್ಗರಿ ಹಂಚುತ್ತಾರೆ, ಕಾರ್ಯಕ್ರಮ ಮುಗಿಯುತ್ತದೆ.

ಇಲ್ಲಿಗೆ ನೌಕರಿಗೆ ಬಂದ ಹುಡುಗರ ಅಕ್ಕತಂಗಿಯರು ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇರುತ್ತಾರೆ. ಒಬ್ಬಳಿಗೆ ರಜೆ ಇಲ್ಲ, ಇನ್ನೊಬ್ಬಳ ಮಗನಿಗೆ ಪರೀಕ್ಷೆ, ಮತ್ತೊಬ್ಬಳು ವಿಡಿಯೊ ಕಾಲ್‌ನಲ್ಲಿ ಬಂದುಬಿಡುತ್ತೇನೆ ಅನ್ನುತ್ತಾಳೆ. ಫೋನಿನ ಬೆನ್ನಿಗೆ ಗುದ್ದಲು ಬರುವುದಿಲ್ಲ. ಹಾಗಾಗಿ ನಾನು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಮನೆ, ನಿವೃತ್ತಿಗೆ ಎರಡು ವರ್ಷ, ದೊಡ್ಡ ಗಂಟಲು, ಇಲ್ಲ ಅನ್ನಲು ಬಾರದ ಬಾಯಿ. ಹದಿನೈದು ವರ್ಷದ ಹಿಂದೆ ಪಾಪ ಯಾರೂ ಇಲ್ಲವಲ್ಲ ಅಂತ ಒಂದು ಮನೆಯಲ್ಲಿ ಅತ್ತೆಯಾಗಿ ನಿಂತೆ. ಅಲ್ಲಿಂದ ಈಚೆಗೆ ಯಾರೂ ನನ್ನನ್ನು ಬಿಟ್ಟಿಲ್ಲ. ವಾರವಿಡೀ ಕೌಂಟರಿನ ಹಿಂದೆ ಕೂತು, ಇದ್ದೊಂದು ಭಾನುವಾರವನ್ನೂ ಯಾರದೋ ತೊಟ್ಟಿಲ ಮುಂದೆ ಬಾಗಿ ಕಳೆದು ಮನೆಗೆ ಬರುತ್ತೇನೆ. ಗೇಟು ತೆಗೆದ ಸದ್ದಿಗೆ ನನ್ನ ಗಂಡ ಗಿಡಕ್ಕೆ ನೀರು ಬಿಡುತ್ತಾ ಕೇಳುತ್ತಾರೆ, "ಇವತ್ತ ಯಾರ ಕೂಸಿಗೆ?" ನಾನು ಹೇಳುತ್ತೇನೆ. ಅವರು ಹೂಂ ಅನ್ನುತ್ತಾರೆ.

ಕಿವಿಗೆ ಒಂದು ಹೆಸರು, ಊರಿಗೆ ಒಂದು ಹೆಸರು ಅನ್ನುವ ವ್ಯವಸ್ಥೆ ನಾನು ಕಂಡುಹಿಡಿದದ್ದಲ್ಲ. ಐಟಿ ಪಾರ್ಕಿನ ಒಬ್ಬ ಹುಡುಗ ಶುರುಮಾಡಿದ. ರಾಯಚೂರಿನ ಕಡೆಯವನು. ಮಗಳಿಗೆ ಮುಂಗಾರಿ ಅಂತ ಇಡಬೇಕೆಂದು ಅವನಿಗೂ ಅವನ ಹೆಂಡತಿಗೂ ಆಸೆ. ಆದರೆ ಆಫೀಸಿನಲ್ಲಿ ಅರ್ಥ ಕೇಳುತ್ತಾರೆ, ಶಾಲೆಯಲ್ಲಿ ನಗುತ್ತಾರೆ, ಮುಂದೆ ಪಾಸ್‌ಪೋರ್ಟಿನಲ್ಲಿ ಹೇಗೆ ಕಾಣುತ್ತದೋ ಅಂತ ಹೆದರಿಕೆ. ಕೊನೆಗೆ ಅವನು ತೊಟ್ಟಿಲ ಪಕ್ಕ ನನ್ನನ್ನು ಕರೆದು, "ಆಂಟಿ, ಕಿವ್ಯಾಗ ಮುಂಗಾರಿ ಅಂದುಬಿಡ್ರಿ, ಆಮ್ಯಾಲ ಜೋರಾಗಿ ಕಾರ್ಡಿನ್ಯಾಗ ಇದ್ದದ್ದ ಹೇಳ್ರಿ" ಅಂದ. ಹೇಳಿದೆ. ಅದು ಬಾಯಿಂದ ಬಾಯಿಗೆ ಹಬ್ಬಿತು. ಮಂಗಳೂರಿನ ಕ್ರಿಸ್ತ ದಂಪತಿಗೆ ಈ ಗುದ್ದಿನ ಪದ್ಧತಿಯೇ ಇಲ್ಲ. ಆದರೂ ನನ್ನನ್ನು ಕರೆಸಿ ಮಗಳ ಕಿವಿಯಲ್ಲಿ ಅಬ್ಬಲಿಗೆ ಅಂತ ಹೇಳಿಸಿದರು. ಚರ್ಚಿನ ರಿಜಿಸ್ಟರಿನಲ್ಲಿ ಬೇರೆ ಹೆಸರಿದೆ. ಆ ಹುಡುಗಿಗೆ ಈಗ ಏಳು ವರ್ಷ, ತಾನು ಅಬ್ಬಲಿಗೆ ಅಂತ ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ. ಅವಳು ಎದುರಿಗೆ ಬಂದಾಗಲೆಲ್ಲ ಬಾಯಿಗೆ ಬರುವ ಹೆಸರನ್ನು ನುಂಗಿಕೊಳ್ಳುತ್ತೇನೆ.

ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಇಷ್ಟಪಟ್ಟ ಹೆಸರನ್ನು ಕೂಗಲು ನಿಮಗೆ ಧೈರ್ಯವಿಲ್ಲ, ಅದನ್ನು ಹೊತ್ತುಕೊಂಡು ತಿರುಗಲು ನಾನೇ ಬೇಕೆ ಅನ್ನಿಸುತ್ತಿತ್ತು. ಹಾಗೆ ಅನ್ನುವ ಹಕ್ಕು ನನಗಿರಲಿಲ್ಲ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಬ್ಯಾಂಕಿನಲ್ಲಿ ಊಟದ ಡಬ್ಬಿ ತೆಗೆಯುವಾಗ ಕೊಚ್ಚಿಯಿಂದ ಫೋನು ಬಂತು. ಹುಡುಗಿ ಗದಗದ ಹತ್ತಿರದವಳು. ವಲ್ಲಾರ್ಪಾಡಂ ದ್ವೀಪದಲ್ಲಿ ಹಡಗಿನ ಕಂಟೇನರುಗಳ ಕಾಗದಪತ್ರ ನೋಡುವ ಕೆಲಸ. ಗಂಡ ಐಟಿ ಪಾರ್ಕಿನಲ್ಲಿ. ವೈಟ್ಟಿಲದಲ್ಲಿ ಫ್ಲ್ಯಾಟು. ಆಗ ಮಗುವಿಗೆ ಎರಡೂವರೆ ತಿಂಗಳು. ಹೆಸರಿಡುವುದನ್ನು ಅವರು ಎರಡು ಸಲ ಮುಂದೆ ಹಾಕಿದ್ದರು. ಭಾನುವಾರ ಖಂಡಿತ ಮಾಡುತ್ತೇವೆ, ಊರಿಂದ ನಮ್ಮ ಅತ್ತೆ, ಗಂಡನ ಅವ್ವ, ಬಂದಿದ್ದಾರೆ, ನೀವು ಬರಬೇಕು ಅಂದಳು. ಬರುತ್ತೇನೆ ಅಂದೆ. ಅವಳು ಫೋನು ಇಡಲಿಲ್ಲ.

"ಕಿವ್ಯಾಗ ಬ್ಯಾರೆ ಹೇಳತೀರಂತಲ್ರಿ," ಅಂದಳು.

"ಹೇಳತೀನಿ. ಏನು ಹೇಳಬೇಕು?"

"ತಿಪ್ಪವ್ವ."

ನಾನು ಕೈಯಲ್ಲಿದ್ದ ಚಪಾತಿಯನ್ನು ಡಬ್ಬಿಗೆ ವಾಪಸು ಇಟ್ಟೆ. ಗಂಡ ನಾಲ್ಕು ತಿಂಗಳು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಒಂದು ಹೆಸರು ಆರಿಸಿದ್ದಾನೆ, ಎರಡೇ ಅಕ್ಷರ, ಯಾವ ದೇಶದಲ್ಲಾದರೂ ಹೇಳಬಹುದು ಅಂತಾನೆ, ನನಗೂ ಒಪ್ಪಿಗೆ ಇದೆ ಅಂದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮಗು ಈಗ ಓಡಾಡಿಕೊಂಡಿದೆ, ಆ ಹೆಸರಿನಿಂದಲೇ ಕರೆಸಿಕೊಳ್ಳುತ್ತಿದೆ. ತಿಪ್ಪವ್ವ ಈ ಹುಡುಗಿಯನ್ನು ಸಾಕಿದ ಅಜ್ಜಿಯ ಹೆಸರು. ಅಜ್ಜಿಗಿಂತ ಮೊದಲು ಹುಟ್ಟಿದ ಎರಡು ಕೂಸು ಹೋಗಿದ್ದವಂತೆ. ಮೂರನೆಯದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಎಳೆದು, ಇದು ಕಸ, ಇದು ಯಾರಿಗೂ ಬೇಡ ಅಂತ ತೋರಿಸಿ ಆ ಹೆಸರಿಟ್ಟರು. ಅಜ್ಜಿ ಬದುಕಿದಳು, ಹಲ್ಲೆಲ್ಲ ಉದುರಿ ಮೊಮ್ಮಕ್ಕಳನ್ನು ಬೈಯುವ ತನಕ ಬದುಕಿದಳು.

"ನನಗ ಆ ಹೆಸರಂದ್ರ ಭಾಳ ಪ್ರೀತಿರಿ," ಅಂದಳು. "ಆದ್ರ ಜೋರಾಗಿ ಅನ್ನಾಕ ಬರೂದಿಲ್ಲ. ನಮ್ಮತ್ತಿಗೆ ತಿಳಿದುಬಿಡತೈತಿ."

"ಏನು ತಿಳೀತೈತಿ?"

"ನಮ್ಮ ಕಡೆ ಯಾರೂ ಸುಮ್ಮನ ತಿಪ್ಪವ್ವ ಅಂತ ಇಡಂಗಿಲ್ಲಲ್ರಿ. ಒಂದ ಹೋದ ಮ್ಯಾಲ ಇಡತಾರ."

ಹಿಂದಿನ ವರ್ಷ ಇವಳಿಗೆ ಒಂದು ಗಂಡು ಕೂಸು ಆರನೇ ತಿಂಗಳಿಗೇ ಹುಟ್ಟಿ, ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಹೋಗಿತ್ತು. ಆಗ ಊರಲ್ಲಿ ಮಾವ ಹಾಸಿಗೆ ಹಿಡಿದಿದ್ದರು, ಅತ್ತೆ ಆಸ್ಪತ್ರೆಯಲ್ಲೇ ಕೂತಿದ್ದರು. ಬಸುರಿನ ಸುದ್ದಿಯನ್ನೇ ಇನ್ನೂ ಹೇಳಿರಲಿಲ್ಲ, ಮಾವ ಹುಷಾರಾಗಲಿ ಅಂತ ತಡೆದಿದ್ದರು. ಮಾವನೂ ಹೋದರು. ಒಂದೇ ವರ್ಷ ಅವ್ವನಿಗೆ ಎರಡು ಸಾವು ಬೇಡ ಅಂತ ಹುಡುಗ ಹೆಂಡತಿಯ ಬಾಯಿಗೆ ಬೀಗ ಹಾಕಿದ. ಆಮೇಲೆ ಹೇಳುವ ಹೊತ್ತು ಬರಲೇ ಇಲ್ಲ. ಹೇಳಿದರೆ ಇಷ್ಟು ದಿನ ಮುಚ್ಚಿಟ್ಟಿರಿ ಅಂತ ಅತ್ತೆ ತನ್ನ ಮುಖ ನೋಡುವುದಿಲ್ಲ ಅಂತ ಇವಳಿಗೆ ಹೆದರಿಕೆ. ಹೇಳದೆ ಇದ್ದರೆ ಈ ಮಗುವೂ ನಿಲ್ಲುವುದಿಲ್ಲ ಅಂತ ಅದಕ್ಕಿಂತ ದೊಡ್ಡ ಹೆದರಿಕೆ. ದಿನಕ್ಕೆ ಹತ್ತು ಸಲ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ ಅಂದಳು. "ಕಿವ್ಯಾಗ ಒಂದ ಸಲ ಬಿದ್ದರ ಸಾಕ್ರಿ. ಆಮ್ಯಾಲ ನಾ ನಿದ್ದಿ ಮಾಡತೀನಿ."

ಆಯಿತು ಅಂದೆ. ಡಬ್ಬಿ ಮುಚ್ಚಿ ಕೌಂಟರಿಗೆ ಹೋದೆ. 

ನನ್ನದನ್ನು ಈಗ ಹೇಳಿಬಿಡುತ್ತೇನೆ. ಮದುವೆಯಾಗಿ ಇಲ್ಲಿಗೆ ಬಂದ ಎರಡನೇ ವರ್ಷ ನನಗೆ ಒಂದು ಗಂಡು ಹುಟ್ಟಿತ್ತು. ನನ್ನ ಗಂಡನಿಗೆ ಬೆಳೆ ಸಂಶೋಧನೆಯ ಕಚೇರಿಯಲ್ಲಿ ಕೆಲಸ, ಈಗ ನಿವೃತ್ತರು. ಅಲ್ಲಿ ಹೊಸ ತಳಿಗೆ ಮೊದಲು ಬರೀ ನಂಬರು. ಹಲವು ವರ್ಷ ಹಲವು ಮಣ್ಣಿನಲ್ಲಿ ಬೆಳೆದು, ರೋಗ ತಡೆದು, ನಿಂತು ತೋರಿಸಿದ ಮೇಲೆ ಅದಕ್ಕೊಂದು ಹೆಸರು. ಮನೆಯಲ್ಲೂ ಅವರದು ಅದೇ ರೀತಿ, ಯಾವುದಕ್ಕೂ ಅವಸರವಿಲ್ಲ. ನನಗೆ ಮಗನನ್ನು ಬೆಳವಲ ಅಂತ ಕರೆಯುವ ಆಸೆ. ಬೆಳವಲ ಅಂದರೆ ನಮ್ಮ ಕಡೆಯ ಎರೆ ಭೂಮಿಯ ಬಯಲು. ಈ ಕೆಂಪು ಮಣ್ಣಿನ ಊರಲ್ಲಿ ಕೂತು ಅದನ್ನು ದಿನಾ ಬಾಯಿ ತುಂಬ ಕರೆಯಬೇಕು ಅನ್ನಿಸಿತ್ತು. ಆದರೆ ಗಂಡನಿಗೆ ಹೇಳಲು ನಾಚಿಕೆ. ಹೊಲದ ಹೆಸರನ್ನು ಮಗನಿಗೆ ಇಡುತ್ತಾರೆಯೇ ಅಂತ ಅಂದಾರು, ಬ್ಯಾಂಕಿನವರು ನಕ್ಕಾರು. ಹದಿಮೂರನೇ ದಿನ ತೊಟ್ಟಿಲು, ಅಷ್ಟರೊಳಗೆ ಹೇಳಿದರಾಯಿತು ಅಂತ ಸುಮ್ಮನಿದ್ದೆ. ಹನ್ನೊಂದನೇ ದಿನ ಬೆಳಿಗ್ಗೆ ಮಗು ಹೋಯಿತು. ಆಸ್ಪತ್ರೆಯ ಕಾಗದದಲ್ಲಿ ಅದರ ಹೆಸರಿನ ಜಾಗದಲ್ಲಿ ಇಂಥವಳ ಮಗು ಅಂತ ನನ್ನ ಹೆಸರೇ ಇತ್ತು.

ಮಗಳು ಹುಟ್ಟಿದಾಗ ನನ್ನ ಅವ್ವ ಊರಿಂದ ಬರೆದಳು, ತಿಪ್ಪವ್ವ ಅನ್ನು, ಕೂಸು ನಿಲ್ಲತೈತಿ ಅಂತ. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ಹೆಸರನ್ನು ಒಬ್ಬಳೇ ಇದ್ದಾಗ ಸ್ನಾನದ ಮನೆಯಲ್ಲಿ ಹೇಳಿಕೊಂಡೂ ನೋಡಿದ್ದೆ. ಕೊನೆಗೆ ನಾಚಿಕೆಯೇ ಗೆದ್ದಿತು, ಎಲ್ಲರೂ ಇಡುವಂಥ ಒಂದು ಹೆಸರಿಟ್ಟೆ. ಮಗಳು ನಿಂತಳು. ಈಗ ಅವಳಿಗೆ ಮೂವತ್ತರ ಹತ್ತಿರ. ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ತನಗೊಬ್ಬ ಅಣ್ಣ ಇದ್ದ ಅಂತ ಅವಳಿಗೆ ಯಾವ ಭಾಷೆಯಲ್ಲೂ ನಾವು ಹೇಳಿಲ್ಲ. ನಾನು, ನನ್ನ ಗಂಡ ಒಬ್ಬರಿಗೊಬ್ಬರು ಕೂಡ ಆ ಮಾತು ಎತ್ತಿದ್ದಿಲ್ಲ.

ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದೆ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಬಸ್ಸು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಕಿಟಕಿಯಿಂದ ಧೂಳು, ಪಕ್ಕದವನ ಫೋನಿನಿಂದ ಸೀರಿಯಲ್ಲು. ಮೊಣಕಾಲು ಹಿಡಿದುಕೊಂಡಿತ್ತು. ಇದೇ ಕೊನೆ, ಇನ್ನು ಯಾರ ತೊಟ್ಟಿಲಿಗೂ ಬಾಗುವುದಿಲ್ಲ ಅಂತ ಆಲಪ್ಪುಳ ದಾಟುವಾಗ ತೀರ್ಮಾನ ಮಾಡಿದೆ. ವೈಟ್ಟಿಲದ ಬಸ್ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಆ ತೀರ್ಮಾನ ನೆನಪಿಟ್ಟುಕೊಳ್ಳುವಷ್ಟು ತ್ರಾಣವೂ ಇರಲಿಲ್ಲ. ಆ ಹುಡುಗಿಯ ಗಂಡ ಸ್ಕೂಟರ್ ತಂದಿದ್ದ.

ಹುಡುಗನ ಅವ್ವ ಸಣ್ಣ ಆಳು. ತಲೆಯ ಮೇಲೆ ಸೆರಗು ಹೊದ್ದು ಸೋಫಾ ಬಿಟ್ಟು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಬಂದು ಹತ್ತು ದಿನವಾಗಿತ್ತು, ಹತ್ತು ದಿನವೂ ಮೀನಿನ ವಾಸನೆಯ ಮೇಲೆ ಸಿಟ್ಟು. ನನ್ನ ಕಾಲು ಊದಿದ್ದನ್ನು ನೋಡಿ ಮಣೆ ತಂದು ಕೊಟ್ಟಳು. "ಅಲ್ರೀ, ಇಷ್ಟ ದೂರದಿಂದ ಬರತೀರಿ, ನಿಮಗ ಅವರ ಏನಾಗಬೇಕು?" ಅಂತ ಕೇಳಿದಳು. ಏನೂ ಆಗಬೇಕಿಲ್ಲ ಅಂದೆ. "ಹಂಗಾರ ಭಾಳ ಛಲೋ ಮಂದಿ ನೀವು, ಇಲ್ಲಾ ಭಾಳ ಹುಚ್ಚ ಮಂದಿ," ಅಂದಳು. ಅವಳು ಮಾತಾಡಿದ್ದು ಅಷ್ಟೇ. ಆದರೆ ಕಣ್ಣು ಸುಮ್ಮನೆ ಇರಲಿಲ್ಲ. ಸೊಸೆ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದಾಗ ನೋಡಿದಳು, ನಾನು ಅದನ್ನು ನೋಡಿದ್ದನ್ನೂ ನೋಡಿದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ಹದಿನೈದು ಜನ ಸೇರಿದರು. ಅರ್ಧ ಕನ್ನಡದವರು, ಅರ್ಧ ಅದೇ ಕಟ್ಟಡದ ಮಲಯಾಳಿಗಳು. ಮೇಜಿನ ಮೇಲೆ ಗುಲಾಬಿ ಬಣ್ಣದ ಕೇಕು, ಅದರ ಮೇಲೆ ಎರಡಕ್ಷರದ ಹೆಸರು. ಮಗುವಿಗಿಂತ ಮೊದಲು ತೊಟ್ಟಿಲಿಗೆ ಅರೆಯುವ ಗುಂಡುಕಲ್ಲು ಹಾಕಬೇಕು, ಈ ಮನೆಯಲ್ಲಿ ಮಿಕ್ಸರ್ ಬಿಟ್ಟರೆ ಏನಿಲ್ಲ. ಪಕ್ಕದ ಮನೆಯ ಚೇಚ್ಚಿ, ಅಂದರೆ ಮಲಯಾಳಿ ಅಕ್ಕ, ತನ್ನ ಅರೆಯುವ ಕಲ್ಲಿನ ಗುಂಡನ್ನು ತೊಳೆದು ತಂದುಕೊಟ್ಟಳು. ಕಲ್ಲಿಗೆ ಕುಂಕುಮ ಹಚ್ಚಿ ತೂಗುವುದನ್ನು ನೋಡಿ ಅವಳಿಗೆ ಬಹಳ ಖುಷಿ. ಗುದ್ದು ಮೆಲ್ಲಗೆ ಹಾಕಬಾರದು ಅಂತ ಹುಡುಗನ ಅವ್ವ ಎಲ್ಲ ಹೆಂಗಸರಿಗೂ ಕೈಸನ್ನೆಯಲ್ಲೇ ಕಲಿಸಿಕೊಟ್ಟಳು.

ನಾನು ಬಾಗಿದೆ. ಗುದ್ದು ಬೀಳತೊಡಗಿದವು. ಮಗು ಕಣ್ಣು ಬಿಟ್ಟು ನನ್ನ ಮೂಗುತಿಯನ್ನೇ ನೋಡುತ್ತಿತ್ತು. ಕಿವಿಯ ಹತ್ತಿರ ಬಾಯಿಟ್ಟು ಮೂರು ಸಲ ಹೆಸರು ಹೇಳಿದೆ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ಉಸಿರು ಎಳೆದುಕೊಂಡು, ನನ್ನ ದೊಡ್ಡ ಗಂಟಲಿನಲ್ಲಿ ಕೂಗಿದೆ: "ತಿಪ್ಪವ್ವ."

ಕಿವಿಯಲ್ಲಿ ಹೇಳಿದ್ದು ಕೇಕಿನ ಮೇಲಿದ್ದ ಹೆಸರು.

ಮಲಯಾಳಿಗಳು ಚಪ್ಪಾಳೆ ತಟ್ಟಿದರು. "ತಿಪ್ಪವ್ವ, ನಲ್ಲ ಪೇರು," ಅಂದಳು ಚೇಚ್ಚಿ, ಒಳ್ಳೆಯ ಹೆಸರು ಅಂತ. ಕನ್ನಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕಿಸಕ್ಕೆಂದಳು. ಹುಡುಗ ನಗುತ್ತಾ, "ಆಂಟಿ ಜೋಕ್ ಮಾಡತಾರ," ಅಂತ ಸರಿಯಾದ ಹೆಸರು ಹೇಳಿದ, ಇನ್ನೊಂದು ಸಲ ಹೇಳಿದ. ಹುಡುಗಿ ಬಿಳಿಚಿಕೊಂಡಿದ್ದಳು. ಅವಳು ನನ್ನನ್ನು ನೋಡಲಿಲ್ಲ, ಅತ್ತೆಯನ್ನು ನೋಡುತ್ತಿದ್ದಳು. ಅತ್ತೆ ಕೈಯಲ್ಲಿದ್ದ ಗುಗ್ಗರಿಯ ತಾಟನ್ನು ನಿಧಾನವಾಗಿ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಹೋಗುವಾಗ ಸೊಸೆಯನ್ನು ಕರೆದಳು.

ದಣಿವಿಗೆ ಹೀಗಾಯಿತು ಅಂತ ಆಮೇಲೆ ಹುಡುಗನಿಗೆ ಹೇಳಿದ್ದೇನೆ. ಬಸ್ಸು, ಮೊಣಕಾಲು, ನಿದ್ದೆಯಿಲ್ಲದ ರಾತ್ರಿ. ದಣಿವು ನಿಜ. ಆದರೆ ಬಾಗಿದಾಗ ಎರಡೂ ಹೆಸರು ನಾಲಿಗೆಯ ಮೇಲಿದ್ದವು. ಇದನ್ನೂ ಕಿವಿಯಲ್ಲಿ ಹೂತುಬಿಡಬೇಕಲ್ಲ ಅನ್ನಿಸಿ ಒಂದು ಗಳಿಗೆ ಎದೆಯಲ್ಲಿ ಏನೋ ಹಠ ಎದ್ದದ್ದೂ ನಿಜ. ಬೇಕೆಂದೇ ಮಾಡಿದೆನೆ? ನನಗೆ ಇವತ್ತಿಗೂ ಖಾತ್ರಿಯಿಲ್ಲ. ಆ ಹುಡುಗಿ ನನ್ನನ್ನು ನಂಬಿ ಹೇಳಿದ್ದಳು, ಅವಳ ಮನೆಯಲ್ಲಿ ನಿಂತು ಅವಳ ಗುಟ್ಟನ್ನು ಕೂಗಿಬಿಟ್ಟೆ, ಅದಷ್ಟು ಖಾತ್ರಿ.  ಕ್ಷಮೆ ಕೇಳಬೇಕು ಅಂತ ಅಡುಗೆಮನೆಯ ಬಾಗಿಲ ತನಕ ಹೋಗಿ ಅಲ್ಲೇ ನಿಂತೆ.

"ಯಾವಾಗ?" ಅಂತ ಅತ್ತೆ ಕೇಳುತ್ತಿದ್ದಳು.

"ಹೋದ ವರ್ಷ. ಮಾವನವರು ದವಾಖಾನ್ಯಾಗ ಇದ್ದಾಗ."

"ಎಷ್ಟ ದಿನ ಇತ್ತು?"

"ನಾಕ."

"ಗಂಡೋ ಹೆಣ್ಣೋ?"

"ಗಂಡರಿ."

 ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಗುಳ ಬರುತ್ತದೆ ಅಂತ ನಾನು ಕಾದೆ. "ನನ್ನ ಮೊಮ್ಮಗ ಅವ," ಅಂದಳು ಮುದುಕಿ. "ನನಗ ಅಳಾಕೂ ಬಿಡಲಿಲ್ಲ ನೀವು." ಬೈದದ್ದು ಅಷ್ಟೇ. ಅವಳ ದನಿ ಏರಿರಲಿಲ್ಲ. ಸೊಸೆ ಅಳಲು ಶುರುಮಾಡಿದಳು. ಇಷ್ಟು ದಿನ ತಡೆದದ್ದೆಲ್ಲ ಬಂತು. ಮುದುಕಿ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡು ತಾನೂ ಅತ್ತಳು. ಅಳು ಮುಗಿಸಿ ಸೆರಗಿನಿಂದ ಇಬ್ಬರ ಮುಖವನ್ನೂ ಒರೆಸಿದಳು. ಹೊರಗೆ ಬಂದವಳು ನನ್ನನ್ನು ನೋಡಿ, "ಇಲ್ಲಿ ತಿಪ್ಪಿ ಎಲ್ಲೈತಿ?" ಅಂತ ಕೇಳಿದಳು.

"ತಿಪ್ಪಿ?"

"ಹೆಸರ ಇಟ್ಟರ ಆತೇನು? ಸುಳ್ಳ ಹೆಸರಾಗತೈತಿ ಅದು. ತಿಪ್ಪಿ ತೋರಸ್ರಿ."

ಹನ್ನೊಂದು ಮಹಡಿಯ ಕಟ್ಟಡದಲ್ಲಿ ತಿಪ್ಪೆ ಎಲ್ಲಿಂದ ತರುವುದು? ಚೇಚ್ಚಿಗೆ ನಾನು ಹರಕು ಮುರುಕು ಮಲಯಾಳದಲ್ಲಿ ವಿಷಯ ಹೇಳಿದೆ. ಮೂವತ್ತು ವರ್ಷ ಇಲ್ಲಿದ್ದೂ ನನ್ನ ಮಲಯಾಳ ಬ್ಯಾಂಕಿನ ಫಾರ್ಮು ತುಂಬಿಸುವಷ್ಟೇ. ಅವಳಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಮೇಲೆ ಟೆರೇಸಿನಲ್ಲಿ ಎಲ್ಲ ಮನೆಗಳ ಅಡುಗೆಯ ಕಸವನ್ನು ಗೊಬ್ಬರ ಮಾಡುವ ದೊಡ್ಡ ಮಣ್ಣಿನ ಕುಂಡಗಳಿವೆ ಅಂದಳು. ಮೊರವೂ ಅವಳ ಮನೆಯಿಂದಲೇ ಬಂತು. ಅವರ ಮಾತಿನಲ್ಲಿ ಅದು ಮುರಂ. ಹುಡುಗ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತ. "ಅವ್ವಾ, ಇನ್‌ಫೆಕ್ಷನ್ ಆಗತೈತಿ. ಇದೆಲ್ಲಾ ಯಾಕ ಬೇಕು?"

"ನೀ ಒಂದ ವರ್ಷ ಬಾಯಿ ಮುಚಗೊಂಡ ಇದ್ದಿ," ಅಂದಳು ಅವ್ವ. "ಇನ್ನ ಅರ್ಧ ತಾಸ ಮುಚಗೋ."

ಅವನು ಪಕ್ಕಕ್ಕೆ ಸರಿದ. ಗೋಡೆಗೆ ಮುಖ ಮಾಡಿ ನಿಂತ ಅವನ ಭುಜ ಅಲುಗಿದ್ದನ್ನು ನಾನು ನೋಡಿದೆ. ಆ ನಾಲ್ಕು ದಿನ ಗಾಜಿನ ಪೆಟ್ಟಿಗೆಯ ಮುಂದೆ ಅವನೂ ಕೂತಿದ್ದನಲ್ಲ.

ಟೆರೇಸಿನಲ್ಲಿ ನಾವು ಐದು ಜನ: ಅವ್ವ, ಹುಡುಗಿ, ಹುಡುಗ, ಚೇಚ್ಚಿ, ನಾನು. ಬಿಸಿಲು ಏರಿತ್ತು. ಕುಂಡದ ಮುಚ್ಚಳದ ಮೇಲೆ ಚೇಚ್ಚಿ ಬಾಳೆಯೆಲೆ ಹಾಸಿದಳು, ಹುಡುಗನ ಸಮಾಧಾನಕ್ಕೆ ಅದರ ಮೇಲೆ ಟವೆಲ್ಲೂ ಬಂತು. ಮೊರದಲ್ಲಿ ಮಗುವನ್ನು ಮಲಗಿಸಿ, ಮುದುಕಿ ಮೊರವನ್ನು ಮುಚ್ಚಳದ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಸಲ ಎಳೆದಳು. ಯಾರಿಗೋ ಹೇಳುವಂತೆ, "ಕಸ ಐತಿ ಇದು, ಯಾರಿಗೂ ಬ್ಯಾಡ," ಅಂದಳು. ಕೊಳೆತ ಸಿಪ್ಪೆಯ ವಾಸನೆ ಬರುತ್ತಿತ್ತು. ಮಗು ಆಕಳಿಸಿತು. "ಈಗ ಕಿವ್ಯಾಗ ಹೇಳ್ರಿ," ಅಂತ ನನಗೆ ಆಜ್ಞೆ ಮಾಡಿದಳು.

ಮತ್ತೆ ಬಾಗಿದೆ, ಮೂರು ಸಲ ಹೇಳಿದೆ. ಈ ಸಲ ಗುದ್ದಿದ್ದು ಮುದುಕಿ ಒಬ್ಬಳೇ. ಇಷ್ಟು ವರ್ಷದಲ್ಲಿ ಅಂಥ ಗುದ್ದು ನನಗೆ ಬಿದ್ದಿರಲಿಲ್ಲ, ಮೂರಕ್ಕೆ ಮೂರೂ ಲೆಕ್ಕ ಹಾಕಿ ಕೊಟ್ಟಳು. ಮಾಡಿದ್ದಕ್ಕೆ ಶಿಕ್ಷೆಯೆಂದೇ ತಿಳಿದು ಸಹಿಸಿಕೊಂಡೆ. ಹುಡುಗಿ ಮಗುವನ್ನು ಎತ್ತಿಕೊಂಡಳು. ನನ್ನ ಹತ್ತಿರ ಬಂದು, "ಆಂಟಿ, ನನಗ ಸಿಟ್ಟ ಬಂದಿತ್ತು," ಅಂದಳು. ಬರಬೇಕಾದ್ದೇ ಅಂದೆ. ಮಗು ಹೊಟ್ಟೆ ಹಸಿದು ಅಳತೊಡಗಿತ್ತು, ಗಂಡ, ಹೆಂಡತಿ, ಮಗು ಮೂವರೂ ಚೇಚ್ಚಿಯ ಜೊತೆ ಕೆಳಗೆ ಹೋದರು.

ನನಗೆ ಮೆಟ್ಟಿಲು ಇಳಿದು ಲಿಫ್ಟಿನ ತನಕ ಹೋಗುವ ಶಕ್ತಿಯೂ ಉಳಿದಿರಲಿಲ್ಲ. ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತೆ. ಮುದುಕಿಯೂ ಬಂದು ಪಕ್ಕದಲ್ಲಿ ಕೂತಳು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚಿನ ಬೆತ್ತ ಸರಿಮಾಡುತ್ತಿದ್ದಳು.

"ನಿಮ್ಮದ ಎಷ್ಟ ದಿನ ಇತ್ತು?" ಅಂದಳು.

ನಾನು ಅವಳ ಕಡೆಗೆ ತಿರುಗಿದೆ.

"ಆ ಹೆಸರ ನೀವು ಕೂಗಿದ್ದ ಕೇಳೀನಲ್ಲ," ಅಂದಳು. "ಮಂದಿ ಕೂಸಿಗೆ ಯಾರೂ ಹಂಗ ಕೂಗೂದಿಲ್ಲ."

"ಹನ್ನೊಂದು," ಅಂದೆ.

"ಹೆಸರ ಇಟ್ಟಿದ್ರೇನು?"

"ಇಲ್ಲ."

"ಏನ ಇಡಬೇಕಂತಿದ್ರಿ?"

ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.  ಅವಳು ತಲೆಯ ಸೆರಗು ಸರಿಸಿ ಕಿವಿಯನ್ನು ನನ್ನ ಹತ್ತಿರ ತಂದಳು. ಒಣಗಿದ ಕಿವಿ, ಓಲೆಯ ಭಾರಕ್ಕೆ ತೂತು ಜೋತುಬಿದ್ದಿತ್ತು. ನಾನು ಬಾಗಿ ಹೇಳಿದೆ, ಬೆಳವಲ.

"ಮೂರ ಸಲ," ಅಂದಳು.

ಇನ್ನೆರಡು ಸಲ ಹೇಳಿದೆ. ಅವಳ ಕೈ ನನ್ನ ಬೆನ್ನಿಗೆ ಬಿತ್ತು, ಮೊದಲಿನಷ್ಟು ಜೋರಾಗಿರಲಿಲ್ಲ. "ಛಲೋ ಹೆಸರು," ಅಂದಳು. "ನಮ್ಮ ಹೊಲಾನೂ ಅಲ್ಲೇ ಐತಿ." ಆಮೇಲೆ ಎದ್ದು, ನನ್ನನ್ನೂ ಕೈಹಿಡಿದು ಎಬ್ಬಿಸಿ, ಗುಗ್ಗರಿ ಆರಿ ಹೋಗತೈತಿ ಅಂತ ಕೆಳಗೆ ಕರೆದುಕೊಂಡು ಹೋದಳು.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಗುಗ್ಗರಿಯ ಒಂದು ಪೊಟ್ಟಣ, ಕೇಕಿನ ಒಂದು ತುಂಡು ಚೀಲದಲ್ಲಿದ್ದವು. ರಸ್ತೆ ಹಾಗೇ ಇತ್ತು, ಧೂಳು ಹಾಗೇ ಇತ್ತು, ಬೆನ್ನು ಸೀಟಿಗೆ ಒರಗಿಸಲು ಆಗುತ್ತಿರಲಿಲ್ಲ. ಶ್ರೀಕಾರ್ಯಂನಲ್ಲಿ ಇಳಿದಾಗ ಸಂಜೆ ದೀಪ ಹಚ್ಚುವ ಹೊತ್ತು. ಗೇಟು ತೆಗೆದೆ. ನನ್ನ ಗಂಡ ಅಂಗಳದ ಮೂಲೆಯಲ್ಲಿ ಮರಗೆಣಸಿನ ಗಿಡಗಳಿಗೆ ಪೈಪು ಹಿಡಿದು ನಿಂತಿದ್ದರು. ತಿರುಗಿ ನೋಡದೆ ಕೇಳಿದರು, "ಇವತ್ತ ಯಾರ ಕೂಸಿಗೆ?"

"ನಮ್ಮದಕ್ಕ," ಅಂದೆ.

ಪೈಪಿನಿಂದ ನೀರು ಒಂದೇ ಗಿಡದ ಬುಡಕ್ಕೆ ಬಹಳ ಹೊತ್ತು ಬೀಳುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದೆ. ಅವರು ನಲ್ಲಿ ನಿಲ್ಲಿಸಿ ಬಂದು, ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಪಕ್ಕದಲ್ಲಿ ಕೂತರು. ಏನಂತ ಇಟ್ಟಿ ಅಂತ ಕೇಳಿದರು.